ರಾಸ್ ಅಲ್ ಖೋರಿನಲ್ಲಿ ಸಿಕ್ಕಿದ ನಾರ್ವೆಯ ಮುತ್ತಜ್ಜ

ವೀಸಾ ಕಾಗದ ನೋಡುವವನ ಮೇಜಿಗೆ ವೀಸಾ ಕಾಗದ ಮಾತ್ರ ಬರುತ್ತದೆ ಅಂತ ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಒಬ್ಬರು ಮಗಳ ಜಾತಕ ತರುತ್ತಾರೆ, ಇನ್ನೊಬ್ಬರು ಊರಿನ ಜಾಗದ ಪಹಣಿ ತರುತ್ತಾರೆ. ಎಮಿರೇಟ್ಸ್ ಐಡಿ ಅನ್ನುವ ಗುರುತಿನ ಚೀಟಿ ಎಲ್ಲರಿಗೂ ಕಡ್ಡಾಯವಾಗಿ ನನಗೆ ಉಸಿರಾಡಲು ಪುರುಸೊತ್ತಿಲ್ಲದ ಆ ವರ್ಷ, ನಮ್ಮ ಅಮೆರಿಕದ ಬಾಸ್ ತಮ್ಮ ಸತ್ತ ಮುತ್ತಜ್ಜನನ್ನೇ ತಂದರು.

1. ಸ್ಪಾನ್ಸರ್ ಯಾರು?

ಗಲ್ಫಿನ ರಾಸ್ ಅಲ್ ಖೋರಿನಲ್ಲಿ ನಮ್ಮದು ಕ್ರೇನ್ ರಿಪೇರಿ ಕಂಪೆನಿ. ಬಾಸಿನ ಮನೆತನದ ಹೆಸರು ಹೌಗೆನ್. ಮುತ್ತಜ್ಜ ಲಾರ್ಸ್ ನಾರ್ವೆಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಯಾವ ಊರಿನಿಂದ ಅಂತ ಯಾರಿಗೂ ಗೊತ್ತಿಲ್ಲ. ಬಾಸಿನ ತಂದೆಗೆ ಎಂಬತ್ತೆಂಟು ವರ್ಷ, ಆ ಊರನ್ನೊಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ. ಡಾಕ್ಟರು "ಹೋಗುವುದಾದರೆ ಈ ಬೇಸಿಗೆಯಲ್ಲೇ ಹೋಗಿ" ಅಂದಿದ್ದರಂತೆ. ಆರು ವರ್ಷದಿಂದ ಇಡೀ ಕುಟುಂಬ ಇಂಟರ್ನೆಟ್ಟಿನಲ್ಲಿ ಹಳೇ ಹಡಗುಗಳ ಪ್ರಯಾಣಿಕರ ಪಟ್ಟಿ ಜಾಲಾಡಿತ್ತು. ಯಾವ ಹಡಗಿನಲ್ಲೂ ಲಾರ್ಸ್ ಹೌಗೆನ್ ಇರಲಿಲ್ಲ.

"ಫಾರಂನಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುತ್ತೀಯಲ್ಲ, ಇದನ್ನೂ ಸ್ವಲ್ಪ ನೋಡು" ಅಂದರು ಬಾಸ್.

ಇಲ್ಲಿ ಪ್ರತಿ ವೀಸಾಕ್ಕೂ ಹೊಣೆ ಹೊರುವವ ಒಬ್ಬ ಬೇಕು. ಅಭ್ಯಾಸಬಲ ನೋಡಿ, ನನ್ನ ಬಾಯಿಂದ ಬಂದದ್ದು, "ಸ್ಪಾನ್ಸರ್ ಯಾರು ಸರ್?"

"ಸ್ಪಾನ್ಸರ್ ಇಲ್ಲ."

"ವೀಸಾ?"

"ಆಗ ವೀಸಾ ಎಲ್ಲಿತ್ತು? ಹಡಗಿನಿಂದ ಇಳಿದರು, ಹೋದರು."

ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ನಮ್ಮ ಸ್ಟೋರ್ ಕೀಪರ್ ಭಾಯಿ, ಭಟ್ಕಳದವರು, ಗ್ಲಾಸು ಕೆಳಗಿಟ್ಟರು. "ಅಂದ್ರೆ ನಿಮ್ಮ ಮುತ್ತಜ್ಜ ಖಲ್ಲಿವಲ್ಲಿ, ಸರ್!"

ವೀಸಾ ಇಲ್ಲದೆ ಕಣ್ಣು ತಪ್ಪಿಸಿ ಓಡಾಡುವವರಿಗೆ ಗಲ್ಫಿನಲ್ಲಿ ಹಾಗೆ ಹೇಳುವುದು. ಮಧ್ಯಾಹ್ನದೊಳಗೆ ವಿಷಯ ಇಡೀ ವರ್ಕ್‌ಶಾಪಿಗೆ ಮುಟ್ಟಿತು. ನಮ್ಮ ವೆಲ್ಡರ್ ಮುಖ ಸಣ್ಣದು ಮಾಡಿಕೊಂಡು ಬಾಸಿನ ಕ್ಯಾಬಿನ್ನಿಗೇ ಹೋಗಿ ಸಮಾಧಾನ ಹೇಳಿ ಬಂದ. "ಹೆದರಬೇಡಿ ಸರ್. ಮುಂದಿನ ಸಲ ವೀಸಾ ಇಲ್ಲದವರಿಗೆ ಸರ್ಕಾರ ಕ್ಷಮಾದಾನ ಕೊಟ್ಟಾಗ ಔಟ್‌ಪಾಸ್ ಮಾಡಿಸಿ ಅಜ್ಜನನ್ನು ಊರಿಗೆ ಕಳಿಸುವ."

2. ವಯಸ್ಸು ನಿಧಾನಕ್ಕೆ ಏರಿದ ಮನುಷ್ಯ

ಆಮೇಲೆ ಅಮೆರಿಕದ ಜನಗಣತಿಯ ಹಾಳೆಗಳು ಬಂದವು. ಒಂದರಲ್ಲಿ ಲಾರ್ಸ್ ಹೌಗೆನ್‌ಗೆ ಮೂವತ್ತನಾಲ್ಕು ವರ್ಷ. ಹತ್ತು ವರ್ಷದ ನಂತರದ ಹಾಳೆಯಲ್ಲಿ ನಲವತ್ತೊಂದು.

"ಇವರಿಬ್ಬರು ಬೇರೆ ಬೇರೆ" ಅಂದರು ಬಾಸ್.

"ಒಬ್ಬರೇ ಸರ್" ಅಂದೆ. "ಕಾಗದದ ವಯಸ್ಸು ನಂಬಬೇಡಿ. ನನ್ನ ಪಾಸ್‌ಪೋರ್ಟ್ ನೋಡಿ, ಹುಟ್ಟಿದ್ದು ಜೂನ್ ಒಂದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟ್ರು ಬರೆದದ್ದು. ನಮ್ಮ ಕ್ಲಾಸಿನ ಅರ್ಧ ಮಕ್ಕಳು ಅದೇ ದಿನ ಹುಟ್ಟಿದ್ದು."

ಬಾಸ್ ನಂಬಲಿಲ್ಲ. ಆಗ ಭಾಯಿ ನನ್ನ ಸಹಾಯಕ್ಕೆ ಬಂದರು. "ನನಗೂ ಅಣ್ಣನಿಗೂ ಪಾಸ್‌ಪೋರ್ಟಿನಲ್ಲಿ ನಾಲ್ಕೇ ತಿಂಗಳ ಅಂತರ ಸರ್."

ಬಾಸ್ ಬೆರಳು ಮಡಚಿ ಲೆಕ್ಕ ಹಾಕಿದರು. "ಅದು ಸಾಧ್ಯವೇ ಇಲ್ಲ!"

"ನಮ್ಮ ಅಮ್ಮನೂ ಅದನ್ನೇ ಹೇಳ್ತಾಳೆ. ಆದ್ರೆ ಈಗ ಸೀಲು ಬಿದ್ದಾಯ್ತಲ್ಲ ಸರ್."

3. ಕೊನೆಯ ಸಾಲಿನ ಮುದುಕಿ

ಬೇಸಿಗೆಗೆ ಇನ್ನು ಎರಡೇ ತಿಂಗಳು. ಬಾಸಿನ ಮುಖ ನೋಡಲಾಗದೆ ಹಾಳೆಗಳನ್ನು ಮಿರ್ದಿಫ್‌ನ ನಮ್ಮ ಮನೆಗೆ ತಂದೆ. ನನ್ನ ಹೆಂಡತಿ ಬಸಳೆ ಸೋಸುತ್ತಾ ಬಗ್ಗಿ ನೋಡಿದಳು. ಲಾರ್ಸ್, ಅವನ ಹೆಂಡತಿ, ಮೂವರು ಮಕ್ಕಳು, ಕೊನೆಗೊಂದು ಹೆಸರು.

"ಈ ಮಾರಿಟ್ ಹೌಗೆನ್ ಯಾರು?"

"ಲಾರ್ಸನ ಅತ್ತೆ. ಹೆಂಡತಿಯ ಅಮ್ಮನಿಗೂ ಹೌಗೆನ್ ಅಂತ ಬರೆದದ್ದು ಗುಮಾಸ್ತನ ತಪ್ಪು ಅಂತ ಬಾಸ್ ಹೇಳ್ತಾರೆ."

"ತಪ್ಪೆಂತದು? ನಿಮಗೆ ಮನೆ ಹೆಸರು ಬಂದದ್ದು ಎಲ್ಲಿಂದ?"

ಉಡುಪಿ ಕಡೆಯ ನಮ್ಮ ಜನರಲ್ಲಿ ಮನೆ ಹೆಸರು ಅಮ್ಮನ ಕಡೆಯಿಂದ ಬರುವುದು.

"ಅತ್ತೆ ಅಳಿಯನ ಹೆಸರು ತಗೊಂಡದ್ದಲ್ಲ, ಅಳಿಯ ಅತ್ತೆಯದ್ದು ತಗೊಂಡದ್ದು. ಮನೆ ಅಳಿಯ ಮಾರಾಯ್ರೇ ಅವ!" ಅಂದಳು.

ಮಗಳು ಫೋನಿನಿಂದ ತಲೆ ಎತ್ತದೆ, "ಸೋ ಸರ್ಚ್ ದ ಗ್ರ್ಯಾನಿ, ಡ್ಯಾಡ್" ಅಂದಳು.

ಹಡಗುಗಳ ಪಟ್ಟಿಯಲ್ಲಿ ಹುಡುಕಿದೆ. ಅರ್ಧ ಗಂಟೆಯಲ್ಲಿ ಮುದುಕಿ ಸಿಕ್ಕಿದಳು! ಮಾರಿಟ್ ಹೌಗೆನ್, ಜೊತೆಗೆ ಮಗಳು, ಅಳಿಯ ಲಾರ್ಸ್ ಓಲ್ಸನ್. ಪಕ್ಕದಲ್ಲೇ ಬಿಟ್ಟು ಬಂದ ಊರಿನ ಹೆಸರು. ನಾರ್ವೆಯಲ್ಲಿ ಆಗ ಜಮೀನಿನ ಹೆಸರನ್ನೇ ಅಲ್ಲಿದ್ದವರು ಇಟ್ಟುಕೊಳ್ಳುತ್ತಿದ್ದರಂತೆ. ಹೆಂಡತಿಯ ಜಮೀನಿಗೆ ಹೋದ ಗಂಡನೂ ಅದನ್ನೇ. ಹಡಗಿನಲ್ಲಿ ಓಲ್ಸನ್, ಅಂದರೆ ಓಲೆ ಅನ್ನುವವನ ಮಗ, ಆಗಿದ್ದ ಲಾರ್ಸ್ ಅಮೆರಿಕದಲ್ಲಿ ಹೌಗೆನ್ ಆದದ್ದು ಹಾಗೆ.

"ಕಂಡುಹಿಡಿದದ್ದು ಯಾರು ಅಂತ ಬಾಸಿಗೆ ಸರಿಯಾಗಿ ಹೇಳಿ" ಅಂದಳು ಹೆಂಡತಿ.

ಖಂಡಿತ ಹೇಳುತ್ತೇನೆ ಅಂದೆ. ಬೆಳಿಗ್ಗೆ ಬಾಸ್ ನನ್ನನ್ನು ತಬ್ಬಿಕೊಂಡ ಗಡಿಬಿಡಿಯಲ್ಲಿ ಅದೊಂದು ಬಿಟ್ಟುಹೋಯಿತು.

4. ಮುದುಕರಿಗೆ ಸುದ್ದಿ

ಬಾಸಿನ ತಂದೆ ಪ್ರತಿ ವರ್ಷ ಕುಟುಂಬದವರು ಸೇರಿದಾಗ ಎದ್ದು ನಿಂತು, "ಹೌಗೆನ್ ಗಂಡಸರು ಯಾರ ಹಂಗಿನಲ್ಲೂ ಬದುಕಿದವರಲ್ಲ" ಅಂತ ಭಾಷಣ ಮಾಡುವವರು. ಅವರಿಗೆ ಈಗ ಈ ಮನೆ ಅಳಿಯನ ವಿಷಯ ಹೇಗೆ ಹೇಳುವುದು?

ಸಂಜೆ, ಅಮೆರಿಕದಲ್ಲಿ ಬೆಳಗಾದ ಮೇಲೆ, ಬಾಸ್ ಫೋನ್ ಮಾಡಿದರು. ನಾವೂ ಕೇಳಲಿ ಅಂತ ಸ್ಪೀಕರ್ ಹಾಕಿದರು. ಮೊದಲು ಊರಿನ ಹೆಸರು ಹೇಳಿದರು.

"ಸಿಕ್ಕಿತಾ? ನಿಜವಾಗಿ ಸಿಕ್ಕಿತಾ?" ಮುದುಕರು ಬಿಕ್ಕಿದ್ದು ನಮಗೆಲ್ಲ ಕೇಳಿಸಿತು. "ನಾಳೆಯೇ ಟಿಕೆಟ್ ಮಾಡು" ಅಂದರು.

"ಮಾಡ್ತೇನೆ ಅಪ್ಪಾ. ಇನ್ನೊಂದು ವಿಷಯ. ಆ ಜಮೀನು ನಿನ್ನ ಅಜ್ಜನದ್ದಲ್ಲ, ಅಜ್ಜನ ಅತ್ತೆಯದ್ದು. ಹೌಗೆನ್ ಅನ್ನುವ ಹೆಸರೂ ಅವಳದ್ದೇ. ಅತ್ತೆ ಕೊನೆಯವರೆಗೆ ಮಗಳು ಅಳಿಯನ ಮನೆಯಲ್ಲೇ ಇದ್ದವಳು."

ಅತ್ತ ಕಡೆ ಸದ್ದಿಲ್ಲ. ಭಾಯಿ ನನ್ನ ಕಿವಿಯಲ್ಲಿ, "ಲೈನ್ ಖಲಾಸಾ, ಮುದುಕರೇ ಖಲಾಸಾ?" ಅಂದರು.

ಕೊನೆಗೆ ಮುದುಕರು ದನಿ ತಗ್ಗಿಸಿ ಹೇಳಿದರು. "ಆಯ್ತು. ಆದರೆ ನಿನ್ನ ಅಮ್ಮನಿಗೆ ಮಾತ್ರ ಹೇಳಬೇಡ. ಅವಳ ಅಮ್ಮನನ್ನು ನಾನು ಈ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇರಲು ಬಿಟ್ಟವನಲ್ಲ."

ಅಲ್ಲೂ ಸ್ಪೀಕರ್ ಹಾಕಿದ್ದರೋ ಏನೋ, ಅವರ ಹಿಂದಿನಿಂದಲೇ ಒಂದು ಹೆಂಗಸಿನ ದನಿ ತಣ್ಣಗೆ ಬಂತು. "ಮಗಾ, ಎರಡು ಟಿಕೆಟ್ ಮಾಡು. ಆ ಅತ್ತೆಯ ಮನೆ ನಾನೂ ನೋಡಬೇಕು."