ಮೊಳೆಯಿಲ್ಲದ ಲಾಡ್ಜು

ಲಾಡ್ಜಿನಲ್ಲಿ ಕೆಲಸ ಮಾಡುವವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಿಲ್ಲ. ದಿನಾ ಬೆಳಿಗ್ಗೆ ನಗು ತಾನೇ ಬಸ್ಸಿಳಿದು, ಬ್ಯಾಗು ಹಿಡಿದು ಬಂದು, ರೂಮು ಐತೇನ್ರಿ ಎಂದು ಕೇಳುತ್ತದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ. ಗಂಡ ಹೂವಿನಹಡಗಲಿಗೆ ಕಂಪೌಂಡರಾಗಿ ಬಂದರು, ಅವರ ಹಿಂದೆ ನಾನು ಬಂದೆ. ಅವರು ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ರೂಮುಗಳ ಉಸ್ತುವಾರಿಗೆ ಸೇರಿ ಇಲ್ಲೇ ಮುದುಕಿಯಾದೆ. ಕೆಳಗಿನ ಎಂಟು ರೂಮುಗಳನ್ನು ನನ್ನವೆಂದೇ ತಿಳಿದಿದ್ದೆ. ಕೆಂಪು ಗಾರೆ ನೆಲ, ಪೂರ್ವಕ್ಕೆ ಕಿಟಕಿ, ಬಾಗಿಲ ಬಳಿ ಕೆಸರು ಚಪ್ಪಲಿಗೆ ಒಂದು ಕಲ್ಲು, ಪೂಜೆಗೆ ಕೂರುವವರಿಗೆ ಒಂದು ಮಣೆ, ಮಲಗಿದಲ್ಲಿಂದಲೇ ಕೈಗೆಟುಕುವ ಸ್ವಿಚ್ಚು. ಗೋಡೆಗೆ ನಾಲ್ಕು ಮೊಳೆ: ಎರಡು ಅಂಗಿಗೆ, ಒಂದು ಚೀಲಕ್ಕೆ, ಒಂದು ಬಚ್ಚಲ ಪಕ್ಕ ಒದ್ದೆ ಬಟ್ಟೆಗೆ. ಯಾವುದೂ ಪುಸ್ತಕ ನೋಡಿ ಮಾಡಿದ್ದಲ್ಲ. ಬಂದವರ ಕೈ ಎಲ್ಲಿ ಏನನ್ನು ತಡಕಾಡುತ್ತದೆ ಎಂದು ನೋಡಿ ನೋಡಿ, ಅಲ್ಲಲ್ಲೇ ಇಟ್ಟದ್ದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಸಾವ್ಕಾರರು, ಅಂದರೆ ಲಾಡ್ಜಿನ ಮಾಲೀಕರು, ದಾವಣಗೆರೆಗೆ ಒಂದು ಮದುವೆಗೆ ಹೋಗಿ ಅಲ್ಲಿಯ ದೊಡ್ಡ ಹೋಟೆಲಿನಲ್ಲಿ ಉಳಿದು ಬಂದರು. ಬಂದವರ ಕಣ್ಣೇ ಬೇರೆಯಾಗಿತ್ತು.

"ಅಮ್ಮಾರ, ಅಲ್ಲಿ ಗ್ವಾಡಿ ಮ್ಯಾಲಿಂದ ನೀರು ಬೀಳ್ತಾವ. ಮಂದಿ ನಿಂತು ನೋಡ್ತಾರ."

"ಮಳೆಗಾಲದಲ್ಲಿ ನಮ್ಮಲ್ಲೂ ಬೀಳುತ್ತವೆ. ನಾವು ಬಕೆಟ್ ಇಡುತ್ತೇವೆ," ಅಂದೆ.

ಅವರು ನಗಲಿಲ್ಲ. ಬೆಂಗಳೂರಿನಿಂದ ಒಳಾಂಗಣ ವಿನ್ಯಾಸ ಮಾಡುವ ಒಬ್ಬನನ್ನು ಕರೆಸಿದರು. ಮೊದಲು ಮೇಲಿನ ಮಹಡಿಯ ಆರು ರೂಮು. ಅದು ಮುಗಿದರೆ ಮುಂದಿನ ವರ್ಷ ಕೌಂಟರಿನ ಹಿಂದಿನ ಗೋಡೆ ಬೀಳಿಸಿ, ನನ್ನ ಎಂಟೂ ರೂಮು ಒಡೆದು, ಜನ ಸುಮ್ಮನೆ ಕೂರುವುದಕ್ಕೆ ಒಂದು ದೊಡ್ಡ ಹಾಲ್. ನಮ್ಮ ಊರಲ್ಲಿ ಸುಮ್ಮನೆ ಕೂರುವವರಿಗೆ ಬಸ್‌ಸ್ಟ್ಯಾಂಡ್ ಇದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ನನ್ನ ಎಂಟು ರೂಮು ಉಳಿಯಲಿ ಎಂದು ಅಂದೇ ಮನಸ್ಸಿನಲ್ಲಿ ಹರಕೆ ಹೊತ್ತೆ. ಯಾವ ದೇವರಿಗೆ ಎಂದು ಹೇಳಲು ಮರೆತೆ. ಅದರ ಫಲ ಕೊನೆಯಲ್ಲಿ ಹೇಳುತ್ತೇನೆ.

೧. ಗೋಡೆ ಉಸಿರಾಡಬೇಕು

ವಿನ್ಯಾಸದವನು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ನೋಡುವ ಮನುಷ್ಯ. ನನ್ನ ರೂಮಿಗೆ ಬಂದವನು ಮೊಳೆಯನ್ನು ಹಲ್ಲಿ ಕಂಡವನಂತೆ ನೋಡಿದ.

"ಮೇಡಂ, ಗೋಡೆ ಉಸಿರಾಡಬೇಕು. ನೀವು ಅದಕ್ಕೆ ಮೊಳೆ ಹೊಡೆದಿದ್ದೀರಿ."

"ಉಸಿರಾಡಲಿ ಬಿಡಪ್ಪ. ಬಂದವರು ಒದ್ದೆ ಪಂಚೆ ಎಲ್ಲಿ ಹಾಕಬೇಕು?"

"ಒದ್ದೆ ಪಂಚೆ ಹೋಟೆಲಿಗೆ ಯಾರು ತರ್ತಾರೆ?"

ಹೊಳೆಯಲ್ಲಿ ಮುಳುಗೆದ್ದು ನೇರ ಇಲ್ಲಿಗೆ ಬರುವವರೇ ಹೆಚ್ಚು ಎಂದೆ. ಅವನು ಕನ್ನಡಕವನ್ನು ತಲೆಯ ಮೇಲೆ ಇನ್ನಷ್ಟು ಹಿಂದಕ್ಕೆ ಸರಿಸಿದ. ಮೇಲಿನ ಆರು ರೂಮಿನಲ್ಲಿ ಒಂದೇ ಒಂದು ಮೊಳೆ ಇಲ್ಲದಂತೆ ಮಾಡಿ ಹೋದ. ಗೋಡೆಗೆ ಹೊಂದಿಕೊಂಡ ಕಪಾಟು, ಅದಕ್ಕೆ ತೆಳುವಾದ ಮರದ ಹೊದಿಕೆ. ಮೊದಲನೆಯ ವಾರವೇ ಯಾರೋ ಒದ್ದೆ ಪಂಚೆಯನ್ನು ಅದರೊಳಗಿಟ್ಟರು. ಬಾಗಿಲು ಪೂರಿಯಂತೆ ಉಬ್ಬಿ ಕಚ್ಚಿಕೊಂಡಿತು. ಬಡಗಿ ಬಂದು ಪಂಚೆ ಬಿಡಿಸಿಕೊಡುವ ತನಕ ಆ ಮನುಷ್ಯ ಬೆಡ್‌ಶೀಟ್ ಸುತ್ತಿಕೊಂಡು ಕೂತಿದ್ದ. 'ಕಪಾಟಿನಲ್ಲಿ ಒದ್ದೆ ಬಟ್ಟೆ ಇಡಬಾರದು' ಎಂದು ಸಾವ್ಕಾರರು ಬೋರ್ಡು ಬರೆಸಿದರು.

ಮರುವಾರ ಕಸ ಹೊಡೆಯುವಾಕೆ ಬಕೆಟ್ಟು ಕೆಳಗಿಟ್ಟು ನನ್ನ ಮುಂದೆ ನಿಂತಳು. ನನ್ನ ಜೊತೆ ಹನ್ನೆರಡು ವರ್ಷದಿಂದ ಇದ್ದವಳು, ಬಾಯಿ ಚುರುಕು.

"ಅಮ್ಮಾರ, ಮ್ಯಾಲ ಕೊಪ್ಪಳದ ಬೀಜದ ಕಂಪನಿಯಾವ ಅದಾನಲ್ರಿ, ಅವನ ರೂಮಿಗೆ ಒಂದೀಟು ಬರ್ರಿ."

"ಯಾಕೆ?"

"ಛತ್ತಿಗೆ ಗಾಜಿನ ದೀಪದ ಗೊಂಚಲು ಬಿಟ್ಟಾರಲ್ರಿ. ಅದರ ಒಂದೊಂದು ದೀಪಕ್ಕ ಒಂದೊಂದು ಲಂಗೋಟಿ ಕಟ್ಯಾನ. ಸ್ವಿಚ್ ಹಾಕಿದ್ರ ಭಾಳ ಚಂದ ಕಾಣತೈತಿ."

೨. ಮಾವ, ಅಳಿಯ ಮತ್ತು ಗಾಜು

ಹೊಸ ರೂಮುಗಳಲ್ಲಿ ಮಂಚಕ್ಕೂ ಬಚ್ಚಲಿಗೂ ನಡುವೆ ಗೋಡೆ ಇರಲಿಲ್ಲ. ಗಾಜು ಇತ್ತು, ನೀರಿನಂತೆ ತಿಳಿಯಾದದ್ದು. "ಬಚ್ಚಲು ಕೋಣೆಯ ಜೊತೆ ಮಾತಾಡಬೇಕು" ಎಂದು ವಿನ್ಯಾಸದವನು ಹೇಳಿದ್ದ. ನಮ್ಮ ಕಡೆ ಬಚ್ಚಲಿನಲ್ಲಿರುವವರು ಹೊರಗಿನವರ ಜೊತೆ ಮಾತಾಡುವುದು ನೀರು ನಿಂತಾಗ ಮಾತ್ರ.

ಇಲ್ಲೇ ನಮ್ಮ ಸೀಮೆಯ ಅರಸೀಕೆರೆಯ ಒಬ್ಬ ಮಾವ, ಅವರ ಹೊಸ ಅಳಿಯ ಇಬ್ಬರೂ ಜಮೀನಿನ ನೋಂದಣಿಗೆ ಬಂದರು. ಕೆಳಗೆ ರೂಮು ಖಾಲಿ ಇರಲಿಲ್ಲ, ಮೇಲೆ ಒಂದು ಕೊಟ್ಟೆ. ಹತ್ತು ನಿಮಿಷಕ್ಕೆ ಅಳಿಯ ಕೆಳಗಿಳಿದು ಬಂದು ಕೌಂಟರಿನ ಮುಂದೆ ನಿಂತ.

"ಏನಪ್ಪ, ಏನಾದರೂ ಬೇಕಿತ್ತೇ?"

"ಏನಿಲ್ರಿ ಅಮ್ಮಾರ. ಮಾವಾರು ಜಳಕಕ್ಕ ಹೋಗ್ಯಾರ."

"ಸರಿ, ರೂಮಿನಲ್ಲಿ ಕೂತಿರಬಹುದಲ್ಲ."

"ಕುಂದ್ರಾಕ ಆಗವಲ್ದ್ರಿ," ಎಂದು ನೆಲ ನೋಡಿದ.

ಮಾವನ ಸ್ನಾನವಾಯಿತು. ಅಳಿಯ ಮೇಲೆ ಹೋದ. ಐದು ನಿಮಿಷಕ್ಕೆ ಮಾವ ತಲೆ ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದು ಅದೇ ಜಾಗದಲ್ಲಿ ನಿಂತರು. ನಾನು ಕೇಳುವ ಮೊದಲೇ "ಅಳಿಯಾರು ಜಳಕಕ್ಕ ಹೋಗ್ಯಾರ" ಎಂದು ಅವರೇ ಹೇಳಿದರು.

ಮುಂದಿನ ತಿಂಗಳು ಮತ್ತೆ ಬಂದಾಗ ಮಾವ ಬ್ಯಾಗು ಕೆಳಗಿಡುವ ಮೊದಲೇ ಕೈ ಮುಗಿದರು. "ಅಮ್ಮಾರ, ಕೆಳಗಿಂದ ಕೊಡ್ರಿ. ಮಗಳನ್ನ ಕೊಟ್ಟೀನಿ, ಮದುವಿ ಮಾಡಿ ತೋರಿಸೀನಿ. ಇನ್ನ ಅಳಿಯಗ ತೋರಸೂದು ಏನೂ ಉಳದಿಲ್ಲ."

೩. ಸಾಲು ಗೌಡರು

ಕೊಟ್ಟೂರಿನ ಕಡೆಯ ಒಬ್ಬ ಹಿರಿಯ ಗೌಡರು ತಿಂಗಳಿಗೊಮ್ಮೆ ಬಂದು ಉಳಿಯುವರು. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಆಗದೆ ನೀರು ಕುಡಿಯುವವರಲ್ಲ. ಅವರಿಗೂ ಒಮ್ಮೆ ಮೇಲಿನ ರೂಮೇ ಗತಿಯಾಯಿತು. ಆ ರೂಮಿನ ಎದುರುಬದುರು ಗೋಡೆಗಳಿಗೆ ನೆಲದಿಂದ ಚಾವಣಿಯವರೆಗೆ ಕನ್ನಡಿ. ಕೋಣೆ ದೊಡ್ಡದಾಗಿ ಕಾಣಲಿ ಎಂದು ಹಾಕಿದ್ದಂತೆ. ಬೆಳಿಗ್ಗೆ ಗಂಟೆ ಒತ್ತಿದರು, ಹೋದೆ. ಅಂಗೈಯಲ್ಲಿ ಲಿಂಗ ಹಿಡಿದು ಗೌಡರು ಕಂಗಾಲಾಗಿ ಕೂತಿದ್ದಾರೆ.

"ಅಮ್ಮಾರ, ಈ ಕೋಣ್ಯಾಗ ನಾ ಒಬ್ಬನ ಇಲ್ರಿ. ಮುಂದ ಸಾಲಾಗಿ ಕುಂತಾರ, ಹಿಂದ ಸಾಲಾಗಿ ಕುಂತಾರ. ಎಲ್ಲಾರದೂ ನಂದ ಮಾರಿ. ಯಾರ ಲಿಂಗಕ್ಕ ಯಾರು ಪೂಜಿ ಮಾಡಾಕತ್ಯಾರ, ತಿಳೀವಲ್ದು."

"ಕಣ್ಣು ಮುಚ್ಚಿಕೊಂಡು ಮಾಡಿಬಿಡಿ ಗೌಡರೇ."

"ಕಣ್ಣು ತೆರದು ಲಿಂಗ ನೋಡಬೇಕ್ರಿ. ಕಣ್ಣು ತೆರದ್ರ ಇವರು ಬರ್ತಾರ."

ಎರಡು ಬೆಡ್‌ಶೀಟ್ ತರಿಸಿದೆ. ಕನ್ನಡಿಯ ಮೇಲೆ ಇಳಿಬಿಡೋಣವೆಂದರೆ ಕಟ್ಟುವುದಕ್ಕೆ ಏನಿದೆ? ಮೊಳೆ ಇಲ್ಲ. ಕೊನೆಗೆ ಕುರ್ಚಿ ಹತ್ತಿ ಆ ಕಡೆ ಒಂದು ಹಿಡಿದು ನಾನು, ಈ ಕಡೆ ಒಂದು ಹಿಡಿದು ಕಸ ಹೊಡೆಯುವಾಕೆ, ಗೋಡೆಯ ಕಡೆ ಮುಖ ಮಾಡಿ ಅರ್ಧ ಗಂಟೆ ನಿಂತೆವು. ನನ್ನ ತೋಳು ಬಿದ್ದೇ ಹೋಗುವಂತಾಯಿತು.

ಪೂಜೆ ಮುಗಿಸಿದ ಗೌಡರು ತುಂಬಿದ ಮನಸ್ಸಿನಿಂದ, "ಮಠದಾಗೂ ಇಂಥಾ ಸೇವಾ ಮಾಡೋ ಮನಿಷ್ಯಾರು ಸಿಗಂಗಿಲ್ಲ ನೋಡವಾ" ಅಂದರು.

ಆಕೆ ಕುರ್ಚಿ ಇಳಿಯುತ್ತಾ, "ನಾವು ಮನಿಷ್ಯಾರಲ್ರಿ ಅಜ್ಜಾರ, ಮೊಳಿ" ಅಂದಳು.

೪. ಬಾಡದ ಮಲ್ಲಿಗೆ

ಬೆಳಗಿನ ಬಸ್ಸುಗಳ ತುಂಬ ಮಲ್ಲಿಗೆಯ ಗಂಟು ಹೋಗುವ ಊರು ನಮ್ಮದು. ಕಂಡಕ್ಟರನ ಚೀಲವೂ ಘಮ್ಮೆನ್ನುತ್ತದೆ. ಇಂಥ ಊರಿಗೆ ನಮ್ಮ ವಿನ್ಯಾಸದವನು ಬೆಂಗಳೂರಿನಿಂದ ಪೆಟ್ಟಿಗೆಗಟ್ಟಲೆ ಪ್ಲಾಸ್ಟಿಕ್ ಮಲ್ಲಿಗೆ ತಂದು ಮೆಟ್ಟಿಲುದ್ದಕ್ಕೂ ಇಳಿಬಿಟ್ಟ. ವಾರಕ್ಕೊಮ್ಮೆ ಅವನ್ನು ಬಿಚ್ಚಿ, ಸೋಪಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸುವ ಕೆಲಸ ನಮಗೆ ಬಂತು.

ಒಬ್ಬ ಹೂವಿನ ವ್ಯಾಪಾರಿ, ಸಾವ್ಕಾರರ ಬಾಲ್ಯದ ಗೆಳೆಯ, ಮೆಟ್ಟಿಲಲ್ಲಿ ನಿಂತು ಒಂದು ಎಸಳು ಮೂಸಿದ.

"ಏನಲೇ ಇದು?"

"ಬಾಡಂಗಿಲ್ಲಲೇ ಇವು. ವರ್ಷಗಟ್ಟಲೆ ಹಿಂಗ ಇರತಾವ," ಎಂದು ಸಾವ್ಕಾರರು ಹೆಮ್ಮೆಯಿಂದ ಹೇಳಿದರು.

"ಒಂದು ಮೊಳ ಹರಕೊಂಡು ಹೋಗಿ ನಿನ್ನ ಹೇಣ್ತಿಗೆ ಮುಡಿಸಿ ನೋಡು. ಅವು ಬಾಡಂಗಿಲ್ಲ, ನೀ ಬಾಡ್ತಿ."

೫. ಕಂಬಳಿ

ಇಷ್ಟಾದರೂ ಸಾವ್ಕಾರರಿಗೆ ಬುದ್ಧಿ ಬರಲಿಲ್ಲ. ಮೇಲೆ ಆರು ರೂಮು ಖಾಲಿ, ಕೆಳಗೆ ಎಂಟು ರೂಮಿಗೆ ಜನ ಕಾಯುತ್ತಾರೆ. ಕೇಳಿದರೆ, "ಜನಾ ಕಲೀತಾರ ಬಿಡ್ರಿ. ಕೆಳಗೂ ಅದನ್ನ ಮಾಡಿದ್ರ ಬ್ಯಾರೆ ದಾರಿ ಇಲ್ದ ಕಲೀತಾರ" ಅಂದರು. ಗೋಡೆ ಒಡೆಯುವ ದಿನವೂ ಗೊತ್ತಾಯಿತು.

ಆ ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ಕೌಂಟರಿನ ಹಿಂದಿನ ಆ ಗೋಡೆಯ ಮೇಲೆ ವಿನ್ಯಾಸದವನು, ಒಡೆಯುವ ತನಕ ಬೋಳಾಗಿ ಕಾಣಬಾರದೆಂದು, ಮೊದಲೇ ಒಂದು ಕರಿ ಕಂಬಳಿ ತೂಗುಹಾಕಿದ್ದ. ನಮ್ಮ ಸಂತೆಯಲ್ಲೇ ಕೊಂಡದ್ದು. ಎರಡು ಹಿತ್ತಾಳೆ ಮೊಳೆ, ಮೇಲಿನಿಂದ ಬೆಳಕು ಅದರ ಮೇಲೆಯೇ ಬೀಳುವಂತೆ ಒಂದು ದೀಪ.

"ಮೊಳೆ ಹೊಡೆದೆಯಲ್ಲಪ್ಪ," ಎಂದಿದ್ದೆ.

"ಇದು ಮೊಳೆ ಅಲ್ಲ ಮೇಡಂ, ಡಿಸೈನು."

ಕೆಲವು ದಿನಕ್ಕೆ ಕುರಿ ಕಾಯುವ ಮನೆತನದ ಒಬ್ಬ ಹಿರಿಯ ಬಂದು ರೂಮು ಕೇಳಿದ. ಹೆಗಲ ಮೇಲೆ ಅಂಥದೇ ಕಂಬಳಿ. ಗೋಡೆಯ ಮೇಲಿನದನ್ನು ನೋಡಿ ರೂಮಿನ ಮಾತು ಮರೆತ.

"ಕಂಬಳಿ ಹಾಸತಾರ, ಹೊದೀತಾರ. ಮಳಿ ಬಂದ್ರ ತಲಿಮ್ಯಾಲ ಕೊಪ್ಪಿ ಹಾಕ್ಕೊಂತಾರ. ಗ್ವಾಡಿಗೆ ಯಾಕ ಏರಿಸ್ಯಾರವ್ವಾ?"

ಚಂದಕ್ಕೆ ಎಂದು ಹೇಳಬಹುದಿತ್ತು. ನನ್ನ ಎಂಟು ರೂಮು ಕಣ್ಣ ಮುಂದೆ ಬಂದವು. "ನನಗೇನು ಗೊತ್ತಪ್ಪ. ದೂರದಿಂದ ಒಬ್ಬರು ಬಂದು ಏರಿಸಿ ಹೋದರು. ಹಗಲೂ ದೀಪ ಆರಿಸಬಾರದು ಎಂದು ಹೇಳಿದ್ದಾರೆ," ಅಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

"ಹಗಲೂ ದೀಪ ಐತಿ ಅಂದ್ರ ಏನೋ ಐತಿ," ಎಂದು ಹಿರಿಯ ಚಪ್ಪಲಿ ಬಿಟ್ಟ. ಸೊಂಟದ ಚೀಲ ಬಿಚ್ಚಿ ಮೈಲಾರನ ಭಂಡಾರ, ಅಂದರೆ ಅರಿಶಿನದ ಪುಡಿ, ಚಿಟಿಕೆ ತೆಗೆದು ಕಂಬಳಿಗೆ ಹಾಕಿ ಕೈ ಮುಗಿದ.

ಮುಂದಿನ ವಾರ ಮೂವರು ಬಂದರು. ಆಮೇಲೆ ಎತ್ತಿನ ವ್ಯಾಪಾರಕ್ಕೆ ಬಂದವರು, ಆಸ್ಪತ್ರೆಗೆ ಬಂದವರು. ಎರಡು ತಿಂಗಳಲ್ಲಿ ಲಾಬಿಯ ಬಿಳಿ ಕಾರ್ಪೆಟ್ಟು ಹಳದಿಯಾಯಿತು. ಕಾಯಿ ಒಡೆಯಲು ಕೌಂಟರಿನ ಪಕ್ಕ ಒಂದು ಕಲ್ಲು ಬಂತು. ಅದನ್ನು ಇಡಿಸಿದ್ದು ಸ್ವತಃ ಸಾವ್ಕಾರರೇ. ರವಿವಾರ ಬೆಳಿಗ್ಗೆ ಯಾರೂ ಇಲ್ಲದಾಗ ಅವರೂ ಹಣೆಗೆ ಹಚ್ಚಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ಆದರೆ ಗೋಡೆ ಒಡೆಯುವುದು ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬೆಂಗಳೂರಿನವನ ಮುಂದೆ ಹಳ್ಳಿಯವನಾಗಿಬಿಡುವ ಭಯ.

ಒಡೆಯುವ ಹಿಂದಿನ ದಿನ ವಿನ್ಯಾಸದವನು ನಕ್ಷೆಯ ಸುರುಳಿ ಹಿಡಿದು ಬಂದ. ಮೇಲೆ ತಾನೇ ಮಾಡಿದ ರೂಮಿನಲ್ಲಿ ಮೊದಲ ಸಲ ಉಳಿದ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಅಂಗಿಗೆ ಎಣ್ಣೆ ಚೆಲ್ಲಿಕೊಂಡನಂತೆ. ಬೆಳಿಗ್ಗೆದ್ದು ಒಗೆದ. ತಂದದ್ದು ಅದೊಂದೇ ಅಂಗಿ. ಒಣಹಾಕಬೇಕು. ಮೊಳೆ ಇಲ್ಲ. ಕಪಾಟಿನಲ್ಲಿ ಒದ್ದೆ ಬಟ್ಟೆ ಇಡಬಾರದೆಂಬ ಬೋರ್ಡಿದೆ. ಕಿಟಕಿ ತೆರೆಯುವಂಥದ್ದಲ್ಲ, ತಾನೇ ಗಾಜು ಕೂರಿಸಿ ಮುಚ್ಚಿದ್ದಾನೆ. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರಿನಿಂದ ಫ್ಯಾನು ತಿರುಗುವುದು ಲಾಬಿಯಲ್ಲಿ ಮಾತ್ರ.

ಬನಿಯನ್ನಿನಲ್ಲೇ ಕೆಳಗಿಳಿದು ಬಂದ. ಫ್ಯಾನಿನ ಕೆಳಗೆ ನಿಂತು ಸುತ್ತ ನೋಡಿದ. ಇಡೀ ಲಾಬಿಯಲ್ಲಿ ಇದ್ದದ್ದು ಎರಡೇ ಮೊಳೆ. ನಾನು ಬೇಡ ಎನ್ನುವಷ್ಟರಲ್ಲಿ ಒದ್ದೆ ಅಂಗಿ ಕಂಬಳಿಯ ಮೇಲೆ ತೋಳು ಚಾಚಿ ತೂಗುತ್ತಿತ್ತು.

ಅದೇ ಹೊತ್ತಿಗೆ ಹಿರಿಯ, ಕಾಯಿ ಹಿಡಿದ ಐದಾರು ಜನರ ಜೊತೆ ಒಳಗೆ ಬಂದ. ಎಲ್ಲರೂ ಬಾಗಿಲಲ್ಲೇ ನಿಂತರು.

"ಯಾರದದು ಅಂಗಿ?"

"ನಂದು. ಸ್ವಲ್ಪ ಒಣಗಲಿ ಅಂತ," ಎಂದ ವಿನ್ಯಾಸದವನು.

"ಕಂಬಳಿ ಮ್ಯಾಲ?"

"ಯಜಮಾನ್ರೇ, ಅದರಲ್ಲಿ ಏನೂ ಇಲ್ಲ. ಅದನ್ನ ಹಾಕಿದ್ದೇ ನಾನು."

ಇದನ್ನು ಹೇಳದಿದ್ದರೆ ಬೈಸಿಕೊಂಡು ಉಳಿಯುತ್ತಿದ್ದನೇನೋ. ಹಿರಿಯನ ಮುಖದ ಸಿಟ್ಟು ಇಳಿದು ಭಕ್ತಿ ಏರಿತು.

"ಏರಿಸಿದಾವ ನೀನ? ಅವ್ವ ಹೇಳಿದ್ಲು, ದೂರದಿಂದ ಬಂದಿದ್ರು ಅಂತ." ಹಿಂದಿನವರ ಕಡೆ ತಿರುಗಿದ. "ನೋಡ್ರಲೇ, ಏರಿಸಿದಾವಗ ನೇಮ ಮರತೈತಿ. ಅಂಗಿ ತಗಸ್ರಿ. ತಪ್ಪಿಗೆ ಕಾಯಿ ಒಡಸ್ರಿ."

ಇಬ್ಬರು ಅಂಗಿ ತೆಗೆದರು. ಒಬ್ಬ ಅವನ ಶೂ ಬಿಚ್ಚಿಸಿದ. ಇನ್ನೊಬ್ಬ ಹಣೆ, ಬನಿಯನ್ನು, ತಲೆಯ ಮೇಲಿನ ಕನ್ನಡಕ ಎಲ್ಲಕ್ಕೂ ಸೇರಿಸಿ ಭಂಡಾರ ಬಳಿದ. ಐದು ಕಾಯಿ ಒಡೆಸಿದರು. ಅವನಿಗೆ ಒಂದೂ ಸರಿಯಾಗಿ ಒಡೆಯಲು ಬರಲಿಲ್ಲ. ಹಿರಿಯ ಅವನ ಕೈಯನ್ನು ಕಂಬಳಿಯ ಮೇಲಿಟ್ಟು ಕೇಳಿದ: "ಈ ಗ್ವಾಡಿ ಕಾಯೋದು ಇನ್ನ ನಿನ್ನ ಹೊಣಿ. ಯಾರೂ ಕೈ ಹಚ್ಚದಂಗ ನೋಡ್ಕೊಂತೀಯಿಲ್ಲೋ?"

"ನೋಡ್ಕೋತೀನಿ," ಅಂದ ಅವನು. ಸುತ್ತ ಆರು ಜನ ನಿಂತಿದ್ದರು, ಬೇರೆ ಏನನ್ನಬೇಕು?

ಗೋಡೆ ಒಡೆಯಲು ಬಂದಿದ್ದ ಕೆಲಸದವರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ಹಾರೆ ಹೊರಗೇ ಇಟ್ಟರು. "ನಾವೂ ಮಕ್ಕಳೊಂದಿಗರು, ಸಾವ್ಕಾರ. ಈ ಗ್ವಾಡಿಗೆ ಕೈ ಹಚ್ಚಂಗಿಲ್ಲ." ಸಾವ್ಕಾರರು ಇಷ್ಟು ದಿನ ಸಿಗದ ಮಾತು ಸಿಕ್ಕವರಂತೆ ವಿನ್ಯಾಸದವನ ಕಡೆ ನೋಡಿ, "ಏನ್ ಮಾಡೂದ್ರಿ ಸಾಹೇಬ್ರ, ಮಾತು ಕೊಟ್ಟಾವ್ರು ನೀವ" ಅಂದರು. ಹೆಸರು ಹೇಳದೆ ಹೊತ್ತ ನನ್ನ ಹರಕೆ ಯಾವ ದೇವರಿಗೆ ಮುಟ್ಟಿತೆಂದು ಆಗ ತಿಳಿಯಿತು.

ಎಲ್ಲರೂ ಹೋದ ಮೇಲೆ ಅವನು ಒದ್ದೆ ಅಂಗಿಯನ್ನು ಒಂದು ಕೈಯಲ್ಲಿ, ನಕ್ಷೆಯ ಸುರುಳಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತ. ಮುಖವೆಲ್ಲ ಹಳದಿ.

"ಅಮ್ಮಾ," ಅಂದ. ಅಲ್ಲಿಯವರೆಗೆ ಮೇಡಂ ಆಗಿದ್ದೆ. "ಕೆಳಗಡೆ ಮೊಳೆ ಇರೋ ರೂಮು ಯಾವುದಾದ್ರೂ ಖಾಲಿ ಇದೆಯಾ?"

ಮೂರನೆಯ ನಂಬರಿನ ಬೀಗದ ಕೈ ಕೊಟ್ಟೆ. ಮಧ್ಯಾಹ್ನ ಅಂಗಿ ಒಣಗಿತು, ಹಾಕಿಕೊಂಡು ಎರಡು ಗಂಟೆಯ ಬಸ್ಸಿಗೆ ಹೊರಟುಹೋದ. ನಕ್ಷೆಯ ಸುರುಳಿಯನ್ನು ಚೀಲದ ಮೊಳೆಗೆ ತೂಗುಹಾಕಿದ್ದವನು ಮರೆತು ಹೋಗಿದ್ದ. ಎಂಟು ರೂಮು ಒಡೆಯುವ ಆ ನಕ್ಷೆ ಇವತ್ತಿಗೂ ಅಲ್ಲೇ ಇದೆ. ಮೊಳೆ ಗಟ್ಟಿಯಾಗಿದೆ.