ದೊಡ್ಡಮ್ಮ ಕೊಂಡ ಒಂದು ಶೇರು

ಮಣಿಪಾಲದಲ್ಲಿರುವ ನನ್ನ ಸಣ್ಣ ಶೇರು ಆಫೀಸಿಗೆ ಅತಿ ಹೆಚ್ಚು ಸಲ ಬಂದವರು, ಅತಿ ಹೆಚ್ಚು ಪ್ರಶ್ನೆ ಕೇಳಿದವರು ಮತ್ತು ಅತಿ ಕಡಿಮೆ ವ್ಯಾಪಾರ ಮಾಡಿದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಕಂಪ್ಯೂಟರ್ ತೆರೆದು ನೋಡಬೇಕಾಗಿಲ್ಲ. ನನ್ನ ದೊಡ್ಡಮ್ಮ. ಹನ್ನೊಂದು ತಿಂಗಳಲ್ಲಿ ಅವರು ಕೊಂಡದ್ದು ಒಂದು ಶೇರು. ಒಂದು ಕಂಪನಿಯದ್ದು ಎಂದಲ್ಲ, ಒಂದೇ ಒಂದು ಶೇರು. ಅದರಿಂದ ನನಗೆ ಬಂದ ಕಮಿಷನ್ನು ಅವರಿಗೆ ತರಿಸಿದ ಮೊದಲ ಚಹಾದ ಸಕ್ಕರೆಗೂ ಸಾಲುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಊರು ಕಾಪು. ಮೂವತ್ತು ವರ್ಷ, ಬೆಳಕು ಹರಿಯುವ ಮೊದಲೇ ಮಲ್ಪೆ ಬಂದರಿಗೆ ಹೋಗಿ, ಏಲಂನಲ್ಲಿ ಕೂಗಿ ಮೀನು ಕೊಂಡು, ಬುಟ್ಟಿ ಸಮೇತ ಬಸ್ಸು ಹತ್ತಿ, ಕಾರ್ಕಳದ ಮಾರ್ಕೆಟಿನಲ್ಲಿ ಕುಳಿತು ಮಾರಿದವರು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಇಳಿಸಿದರು. ಇಳಿಸಿದ ಮೇಲೆ ಒಂದು ವರ್ಷ ಸುಮ್ಮನಿದ್ದರು. ಆಮೇಲೆ ಒಂದು ಸೋಮವಾರ ಮೆಟ್ಟಿಲು ಹತ್ತಿ ನನ್ನ ಆಫೀಸಿಗೆ ಬಂದು, ಬೆಂಚಿನ ಮೇಲೆ ಕುಳಿತು, ತನಗೊಂದು ಖಾತೆ ತೆರೆಯಬೇಕು ಎಂದರು. ಯಾಕೆ ದೊಡ್ಡಮ್ಮ ಎಂದು ಕೇಳಿದೆ. ಕಾರ್ಕಳದ ಬಸ್ಸಿನಲ್ಲಿ ಹೋಗುವಾಗ ಈ ಕಟ್ಟಡವನ್ನು ಎಷ್ಟೋ ವರ್ಷ ನೋಡಿದ್ದಾರಂತೆ. ಒಳಗೆ ಎಂತ ಮಾರುತ್ತಾರೆ ಎಂದು ಸಾಯುವ ಮೊದಲು ತಿಳಿಯಬೇಕಂತೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಮಾತು ತುಳು. ಆದರೆ ಆಫೀಸು ಎಂದರೆ ಕನ್ನಡದ ಜಾಗ ಎಂದು ದೊಡ್ಡಮ್ಮನ ನಂಬಿಕೆ. ಆದ್ದರಿಂದ ಅಲ್ಲಿ ಅವರು ನನ್ನ ಜೊತೆ ಅಚ್ಚುಕಟ್ಟಾದ ಕನ್ನಡದಲ್ಲಿ ಮಾತನಾಡುತ್ತಿದ್ದರು. ಅಷ್ಟೇ ಅಲ್ಲ, ನನ್ನನ್ನು ‘ನೀವು’ ಎನ್ನುತ್ತಿದ್ದರು. ನನ್ನ ಮೂಗು ಒರೆಸಿ ಬೆಳೆಸಿದ ದೊಡ್ಡಮ್ಮ! ಬೇಡ ಎಂದು ಕೈಮುಗಿದರೂ ಕೇಳಲಿಲ್ಲ. ನಾಲ್ಕು ಜನರ ಎದುರು ನೀನು ಎಂದರೆ ನನ್ನ ಅಂಗಡಿಯ ಮರ್ಯಾದೆ ಹೋಗುತ್ತದೆಯಂತೆ.

ಮೊದಲ ಪ್ರಶ್ನೆ ಬಂದದ್ದು ಖಾತೆ ತೆರೆದ ದಿನವೇ. ಮುಂಬೈಯಲ್ಲಿ ಎರಡು ಮಾರ್ಕೆಟ್ಟು ಉಂಟಂತೆ, ಎರಡರಲ್ಲಿಯೂ ಅದೇ ಶೇರಂತೆ, ಹಾಗಾದರೆ ಎರಡು ಎಂತಕ್ಕೆ? ನಾನು ಹೊಸಬರಿಗೆ ಹೇಳುವುದನ್ನೇ ಹೇಳಿದೆ. ಒಂದು ಬಹಳ ಹಳೆಯದು, ಇನ್ನೊಂದು ಆಮೇಲೆ ಬಂದದ್ದು. ದೊಡ್ಡ ಕಂಪನಿಗಳ ಶೇರು ಎರಡೂ ಕಡೆ ಸಿಗುತ್ತದೆ, ಬೆಲೆಯಲ್ಲಿ ಕೆಲವು ಪೈಸೆಯ ವ್ಯತ್ಯಾಸ ಅಷ್ಟೇ, ಎಲ್ಲಿ ಕೊಂಡರೂ ಒಂದೇ. ಅವರಿಗೆ ಅದು ಹಿಡಿಸಲಿಲ್ಲ.

“ಕೊಳ್ಳಲಿಕ್ಕೆ ಎಲ್ಲಿಯಾದರೂ ಆಗುತ್ತದೆ. ನಾಳೆ ಮಾರಬೇಕು ಅಂತ ಬಂದರೆ ಎಲ್ಲಿ ಬೇಗ ಜನ ಸಿಗುತ್ತಾರೆ, ಅದು ಹೇಳಿ ನೀವು” ಎಂದರು.

ಹನ್ನೆರಡು ವರ್ಷಗಳಿಂದ ನಾನು ಈ ಕೆಲಸದಲ್ಲಿದ್ದೇನೆ. ಕೊಳ್ಳುವ ದಿನವೇ ಮಾರುವ ದಿನದ ಬಗ್ಗೆ ಕೇಳಿದ ಗಿರಾಕಿ ಅವರೊಬ್ಬರೇ. ಎಲ್ಲಿ ಕೊಳ್ಳುವವರೂ ಮಾರುವವರೂ ಹೆಚ್ಚು ಇರುತ್ತಾರೋ ಅಲ್ಲಿ ಎಂದೆ. ಅಷ್ಟಕ್ಕೆ ತೃಪ್ತಿಯಾಗದೆ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಪ್ರೊಫೆಸರರನ್ನು ಹಿಡಿದುಕೊಂಡರು. ನೀವು ಯಾವ ಮಾರ್ಕೆಟಿನಲ್ಲಿ ತೆಗೆದುಕೊಳ್ಳುವುದು ಎಂದು ಕೇಳಿದರು. ಆರು ವರ್ಷಗಳಿಂದ ಮೊಬೈಲಿನಲ್ಲಿ ಶೇರು ಕೊಳ್ಳುತ್ತಿದ್ದ ಆ ಮಹನೀಯರು ಕನ್ನಡಕ ತೆಗೆದು ಮೊಬೈಲು ನೋಡಿದರು, ಕನ್ನಡಕ ಹಾಕಿ ಮೊಬೈಲು ನೋಡಿದರು. ಕೊನೆಗೆ ನನ್ನ ಮುಖ ನೋಡಿದರು.

ಮಾರ್ಕೆಟ್ಟು ಆರಿಸಲು ಎರಡು ವಾರ ಹಿಡಿಯಿತು. ಕಂಪನಿ ಆರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಮೀನಿನ ವಾಸನೆ ಹೋಗಲಿ ಎಂದು ಮೂವತ್ತು ವರ್ಷ ಕೈತೊಳೆದ ಸೋಪಿನ ಕಂಪನಿಯೇ ಆಗಬೇಕು ಎಂದರು. ಇನ್ನು ಆರ್ಡರ್ ಹಾಕುವುದೊಂದೇ ಬಾಕಿ ಎಂದು ನಾನು ಕೀಲಿಮಣೆಯ ಮೇಲೆ ಬೆರಳಿಟ್ಟೆ.

“ಯಾರು ಮಾರುತ್ತಿರುವುದು?” ಎಂದರು ದೊಡ್ಡಮ್ಮ.

ಅದು ಗೊತ್ತಾಗುವುದಿಲ್ಲ ಎಂದೆ. ದೇಶದ ಯಾವ ಮೂಲೆಯಲ್ಲಿಯೂ ಇರಬಹುದು. ಎಂತಕ್ಕೆ ಮಾರುತ್ತಿದ್ದಾರೆ ಎಂಬುದಾದರೂ ಗೊತ್ತಾಗುತ್ತದಾ ಎಂದು ಕೇಳಿದರು. ನಾನು ತಮಾಷೆಯಾಗಿ, ಮಗಳ ಮದುವೆ ಇರಬಹುದು, ಆಸ್ಪತ್ರೆಯ ಖರ್ಚಿರಬಹುದು, ಯಾರಿಗೆ ಗೊತ್ತು ಎಂದುಬಿಟ್ಟೆ. ದೊಡ್ಡಮ್ಮ ಚೀಲ ಎತ್ತಿಕೊಂಡು ಎದ್ದರು. ಆಸ್ಪತ್ರೆಯ ಖರ್ಚಿಗೆ ಮಾರುವವರದ್ದು ತನಗೆ ಬೇಡ ಎಂದು ಹೇಳಿ, ಒಂದೊಂದೇ ಮೆಟ್ಟಿಲು ಇಳಿದು, ಕಾಪುವಿಗೆ ಹೋದರು.

ಮುಂದಿನ ವಾರ ಮತ್ತೆ ಬಂದರು. ಆರ್ಡರಿನಲ್ಲಿ ಎರಡು ಬಗೆ ಎಂದು ವಿವರಿಸಿದೆ. ಮಾರ್ಕೆಟಿನಲ್ಲಿ ಆ ಕ್ಷಣಕ್ಕೆ ಎಷ್ಟು ಬೆಲೆಯೋ ಅಷ್ಟಕ್ಕೆ ಕೊಡು ಎನ್ನುವುದು ಒಂದು. ನನ್ನ ಬೆಲೆ ಇಷ್ಟು, ಇದಕ್ಕಿಂತ ಹೆಚ್ಚು ಕೊಡುವುದಿಲ್ಲ, ಬಂದರೆ ಬರಲಿ ಎಂದು ಕಾಯುವುದು ಇನ್ನೊಂದು. ಎರಡನೆಯದು ಇರಲಿ ಎಂದರು. ನಾನು ಒಳಗೊಳಗೇ ನಕ್ಕೆ. ಏಲಂನಲ್ಲಿ ಪಳಗಿದ ಹೆಂಗಸು, ಈಗ ಐವತ್ತು ರೂಪಾಯಿ ಕಡಿಮೆ ಹೇಳುತ್ತಾರೆ ಎಂದುಕೊಂಡೆ. ಅವರು ಪರದೆಯ ಮೇಲಿನ ಬೆಲೆಯನ್ನು ಓದಿಸಿಕೊಂಡು, ಅದಕ್ಕಿಂತ ಹತ್ತು ರೂಪಾಯಿ ಜಾಸ್ತಿ ಹಾಕಿ ಎಂದರು.

ತಪ್ಪಿ ಹೇಳಿದರೇನೋ ಎಂದು ಮತ್ತೆ ಕೇಳಿದೆ. ತಪ್ಪಿರಲಿಲ್ಲ. ಮಾರುವವನಿಗೆ ಕಷ್ಟ ಇದ್ದರೆ ಸಹಾಯಕ್ಕೆ ಇರಲಿ ಎಂದು ಹತ್ತು ರೂಪಾಯಿಯಂತೆ. ಹಾಗೆ ಆಗುವುದಿಲ್ಲ ಎಂದು ತಿಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ನೀವು ಹೆಚ್ಚು ಹೇಳಿದರೂ, ಕಡಿಮೆಗೆ ಕೊಡುವವನು ಎದುರಿಗೆ ಇದ್ದರೆ ಯಂತ್ರ ಕಡಿಮೆಗೇ ಕೊಡಿಸುತ್ತದೆ. ನಿಮ್ಮ ಹತ್ತು ರೂಪಾಯಿ ನಿಮ್ಮಲ್ಲೇ ಉಳಿಯುತ್ತದೆ.

“ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವುದಿಲ್ಲವಾ?”

ಇಲ್ಲ ಎಂದೆ. ನಂಬದೆ, ಹಾಕಿಯೇ ನೋಡಿ ಎಂದರು. ಹಾಕಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಶೇರು, ಪರದೆಯ ಮೇಲಿದ್ದ ಬೆಲೆಗೇ ಬಂದಿತು. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ದೊಡ್ಡಮ್ಮನ ಮುಖ ಸಣ್ಣದಾಯಿತು. ಆಮೇಲೆ ತಿಂಗಳುಗಟ್ಟಲೆ ಬಂದರು, ಕುಳಿತರು, ಪ್ರಶ್ನೆ ಕೇಳಿದರು, ಇನ್ನೊಂದು ಶೇರು ಕೊಳ್ಳಲಿಲ್ಲ. ಈ ಹತ್ತು ರೂಪಾಯಿಯ ಕಥೆಯನ್ನು ನಾನು ಎಷ್ಟೋ ಗಿರಾಕಿಗಳಿಗೆ ಹೇಳಿ ನಗಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಮಾರ್ಕೆಟ್ಟು ತೆರೆದದ್ದೇ ತಡ, ಬೀಳತೊಡಗಿತು. ಬೆಳಿಗ್ಗೆಯಿಂದ ಫೋನು ಕೆಳಗಿಡಲು ಪುರುಸೊತ್ತಿಲ್ಲ. ನಾನು ಎಲ್ಲರಿಗೂ ಅದೇ ಮಾತು ಹೇಳುತ್ತಿದ್ದೆ. ಹೆದರಿ ಮಾರುವವರು, ಗತಿಯಿಲ್ಲದೆ ಮಾರುವವರು ಮಾರುತ್ತಿದ್ದಾರೆ, ಇಂಥ ದಿನವೇ ಕಡಿಮೆ ಬೆಲೆಗೆ ಎತ್ತಿಕೊಳ್ಳಬೇಕು. ದೊಡ್ಡಮ್ಮ ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದರು. ಊಟದ ಹೊತ್ತಿಗೆ ಜನ ಖಾಲಿಯಾದ ಮೇಲೆ ನನ್ನ ಮೇಜಿನ ಹತ್ತಿರ ಬಂದರು. ಮೊದಲ ಬಾರಿಗೆ ಆಫೀಸಿನಲ್ಲಿ ತುಳುವಿನಲ್ಲಿ ಮಾತನಾಡಿದರು. ‘ನೀವು’ ಹೋಗಿತ್ತು.

“ನಿನ್ನ ಅಮ್ಮನ ಬಳೆ ನನ್ನ ಹತ್ತಿರ ಉಂಟು. ನಿನಗೆ ಗೊತ್ತುಂಟಾ ಮಗಾ?”

ಗೊತ್ತಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗಿನ ಮಾತು. ಅಮ್ಮ ಒಂದು ಸಂಜೆ ಕಾಪುವಿಗೆ ಹೋಗಿ, ಕರವಸ್ತ್ರದಲ್ಲಿ ಸುತ್ತಿದ್ದ ಎರಡು ಚಿನ್ನದ ಬಳೆ ತೆಗೆದು ಅಕ್ಕನ ಎದುರು ಇಟ್ಟಳಂತೆ. ಡಿಸೈನು ಹಳತಾಯಿತು, ಮಾರಬೇಕು, ಹೊರಗೆ ಕೊಡುವ ಮೊದಲು ನಿನ್ನನ್ನು ಕೇಳೋಣ ಎಂದು ಬಂದೆ ಎಂದಳಂತೆ. ದೊಡ್ಡಮ್ಮ ದಿನಾ ಮಾಡುವುದನ್ನೇ ಮಾಡಿದರು. ತೂಕ ಇಲ್ಲ ಎಂದರು, ಇಲ್ಲಿ ನೆಗ್ಗಿದೆ ಎಂದರು, ಬೆಲೆ ಇಳಿಸಿದರು, ಮತ್ತೆ ಇಳಿಸಿದರು. ಅಮ್ಮ ಸ್ವಲ್ಪ ಜಗಳವಾಡಿ ಒಪ್ಪಿದಳು. ದೊಡ್ಡಮ್ಮ ಮರುದಿನವೇ ಬಳೆ ತೊಟ್ಟು ಕಾರ್ಕಳಕ್ಕೆ ಹೋಗಿ, ಎಷ್ಟು ಕಡಿಮೆಗೆ ಸಿಕ್ಕಿತು ಎಂದು ಪಕ್ಕದವರಿಗೆಲ್ಲ ಹೇಳಿದರು.

ಮೂರನೆಯ ದಿನ ಬಸ್ಸು ಹಿರಿಯಡ್ಕದಲ್ಲಿ ನಿಂತಾಗ ಹತ್ತಿದ ಪರಿಚಯದ ಹೆಂಗಸೊಬ್ಬಳು, ನಿನ್ನ ತಂಗಿಯ ಗಂಡ ಈಗ ಹೇಗಿದ್ದಾರೆ ಎಂದು ಕೇಳಿದಳು. ನನ್ನ ಅಪ್ಪ ಆರು ದಿನಗಳಿಂದ ಮಣಿಪಾಲದ ಆಸ್ಪತ್ರೆಯಲ್ಲಿದ್ದರು. ದೊಡ್ಡಮ್ಮ ಮೀನಿನ ಬುಟ್ಟಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದು, ತಿರುಗಿ ಹೋಗುವ ಬಸ್ಸು ಹಿಡಿದು, ಆಸ್ಪತ್ರೆಗೆ ಓಡಿದರು. ಬಳೆ ಕಳಚಿ ಕೊಟ್ಟರು. ಅಮ್ಮ ಮುಟ್ಟಲಿಲ್ಲ. ವ್ಯಾಪಾರ ಆಗಿದೆ ಅಕ್ಕ ಎಂದಷ್ಟೇ ಹೇಳಿದಳು. ಅಪ್ಪ ಆ ಸಲ ಉಳಿದರು. ಆ ಬಳೆಯನ್ನು ದೊಡ್ಡಮ್ಮ ಮತ್ತೆ ತೊಡಲಿಲ್ಲ.

“ದಿನಾ ನೂರು ಜನರ ಹತ್ತಿರ ಎಷ್ಟಕ್ಕೆ, ಎಷ್ಟಕ್ಕೆ ಅಂತ ಕೇಳಿದವಳು ನಾನು. ಆ ದಿನ ಸ್ವಂತ ತಂಗಿಯ ಹತ್ತಿರ ಎಂತಕ್ಕೆ ಅಂತ ಒಂದು ಮಾತು ಕೇಳಲಿಲ್ಲ ಮಗಾ” ಎಂದರು.

ಆ ಮಧ್ಯಾಹ್ನ ನಾನು ಯಾರಿಗೂ ಎತ್ತಿಕೊಳ್ಳಿ ಎಂದು ಹೇಳಲಿಲ್ಲ. ಸಂಜೆ ಉಡುಪಿಯ ಮನೆಗೆ ಬಂದಾಗ ಅಮ್ಮ ಬಸಳೆ ಸೋಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅಮ್ಮ ಕೆಲಸ ನಿಲ್ಲಿಸಲಿಲ್ಲ.

“ಹೇಳಿದ್ದರೆ ಅವಳು ಬಳೆ ಮುಟ್ಟುತ್ತಿರಲಿಲ್ಲ, ದುಡ್ಡು ಕೊಟ್ಟು ಕಳುಹಿಸುತ್ತಿದ್ದಳು. ಆಸ್ಪತ್ರೆಯಲ್ಲಿ ನನ್ನನ್ನು ಕಂಡವರೆಲ್ಲ ಪಾಪ, ಪಾಪ ಅನ್ನುತ್ತಿದ್ದರು. ಅವಳೊಬ್ಬಳು ನನ್ನ ಜೊತೆ ಚೌಕಾಸಿ ಮಾಡಿದಳು. ಆ ಅರ್ಧ ಗಂಟೆ ನನಗೆ ಮನೆಯಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ಇತ್ತು.”

ಇದನ್ನು ದೊಡ್ಡಮ್ಮನಿಗೆ ಹೇಳಿದ್ದೀಯಾ ಎಂದು ಕೇಳಿದೆ.

“ಅವಳು ಕೇಳಲಿಲ್ಲವಲ್ಲ” ಎಂದಳು ಅಮ್ಮ.

ಭಾನುವಾರ ಇಬ್ಬರೂ ಕಾಪುವಿಗೆ ಹೋದೆವು. ಅಮ್ಮ ಚಹಾ ಕುಡಿದು ಲೋಟ ಕೆಳಗಿಟ್ಟು, ಆ ಬಳೆ ತೆಗಿ ಅಕ್ಕ, ಕೊಳ್ಳಲಿಕ್ಕೆ ಬಂದಿದ್ದೇನೆ ಎಂದಳು. ದೊಡ್ಡಮ್ಮ ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ತಂದು ಅಮ್ಮನ ಮಡಿಲಲ್ಲಿಟ್ಟು, ಸುಮ್ಮನೆ ತೆಗೆದುಕೋ ಎಂದರು. ಸುಮ್ಮನೆ ಬೇಡ, ಇವತ್ತಿನ ಬೆಲೆ ಹೇಳು ಎಂದಳು ಅಮ್ಮ. ಅಂದು ಕೊಟ್ಟ ಬೆಲೆಗಿಂತ ಒಂದು ಪೈಸೆ ಜಾಸ್ತಿ ಮುಟ್ಟುವುದಿಲ್ಲ ಎಂದರು ದೊಡ್ಡಮ್ಮ. ಅಮ್ಮ ಏರಿಸುತ್ತ ಹೋದಳು, ದೊಡ್ಡಮ್ಮ ಇಳಿಸುತ್ತ ಹೋದರು. ಕೊಳ್ಳುವವರು ಏರಿಸಿ ಮಾರುವವರು ಇಳಿಸುವ ವ್ಯಾಪಾರವನ್ನು ನನ್ನ ಹನ್ನೆರಡು ವರ್ಷಗಳ ಸೇವೆಯಲ್ಲಿ ನೋಡಿರಲಿಲ್ಲ. ಇದರಲ್ಲಿ ತೂಕವೇ ಇಲ್ಲ ಮಾರಾಯ್ತಿ, ಇಲ್ಲಿ ನೆಗ್ಗಿದೆ ನೋಡು ಎಂದು ದೊಡ್ಡಮ್ಮ ತೋರಿಸಿದಾಗ ಅಮ್ಮನಿಗೆ ನಗು ಬಂದಿತು. ನಗುತ್ತಲೇ, ಪಾಪ ಎನ್ನದಿದ್ದ ಆ ಅರ್ಧ ಗಂಟೆಯ ಮಾತನ್ನು ಹೇಳಿಬಿಟ್ಟಳು.

ದೊಡ್ಡಮ್ಮ ಎದ್ದು ಹೋಗಿ ತೆಂಗಿನೆಣ್ಣೆಯ ಬಾಟಲಿ ತಂದು, ಅಮ್ಮನ ಎದುರು ಕುಳಿತು, ಅವಳ ಎರಡೂ ಕೈಗಳಿಗೆ ಹಚ್ಚಿದರು. ಅಮ್ಮನ ಬೆರಳಿನ ಗಂಟುಗಳು ಈಗ ದಪ್ಪಗಾಗಿವೆ. ಎಡಗೈಯ ಬಳೆ ಬಹಳ ಹೊತ್ತಿನ ಮೇಲೆ ಏರಿತು. ಬಲಗೈಯದ್ದು ಎಷ್ಟು ಒತ್ತಿದರೂ ಏರಲಿಲ್ಲ. ನೋವಾಗುತ್ತದಾ ಎಂದು ಕೇಳಿದರು. ಇಲ್ಲ ಎಂದಳು ಅಮ್ಮ, ಕಣ್ಣಿನಲ್ಲಿ ನೀರಿತ್ತು.

ದೊಡ್ಡಮ್ಮ ಬಳೆಯನ್ನು ಕೆಳಗಿಟ್ಟರು. ಕೈ ಬಿಡಲಿಲ್ಲ.