ನೂರಕ್ಕೆ ನೂರಾ ಹನ್ನೆರಡು

ಗುಡುಗು ಮಾಡಿದ ತಪ್ಪು ಇಷ್ಟೇ. ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕ ಹೆಡ್ ಮೇಡಂಗೆ, "ಮಧ್ಯಾಹ್ನ ಮೂರಕ್ಕೆ ಪತ್ರಿಕೆಯವರು ನನ್ನ ಸಂದರ್ಶನಕ್ಕೆ ಬರ್ತಿದ್ದಾರೆ. ಯಾರಿಗೂ ಹೇಳ್ಬೇಡಿ" ಅಂದುಬಿಟ್ಟ.

ಮೂವತ್ತೈದು ವರ್ಷ ಶಾಲೆ ಆಳಿ ನಿವೃತ್ತರಾಗಿದ್ದ ಹೆಡ್ ಮೇಡಂಗೆ ಗುಟ್ಟು ಅಂದರೆ ಅಂಗೈ ಮೇಲಿನ ಕೆಂಡ. ಬೇರೆಯವರ ಕೈಗೆ ದಾಟಿಸುವ ತನಕ ಸಮಾಧಾನವಿಲ್ಲ. ಹತ್ತು ಗಂಟೆಯೊಳಗೆ ಸುದ್ದಿ ಮೂರೂ ಮಹಡಿ ಹತ್ತಿ ಇಳಿದು, ನೆಲಮಹಡಿಯಲ್ಲಿ ಅಂಗಡಿ ಇಟ್ಟಿದ್ದ ಬಡಗಿಯ ಕಿವಿಗೂ ಬಿತ್ತು. ಅಷ್ಟರಲ್ಲಿ ಪತ್ರಿಕೆಯವರು ಹೋಗಿ ಟೀವಿಯವರಾಗಿದ್ದರು.

ಗುಡುಗು ಎನ್ನುವುದು ರಾಕ್ ಸಂಗೀತ ತಂಡದಲ್ಲಿ ಅವನಿಗೆ ಬಿದ್ದ ಹೆಸರು. ಹೆಸರು ಗುಡುಗು, ಆಳು ತುಂತುರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವ ಕೆಲಸ. ಉಸಿರು ಜೋರಾಗಿ ಬಿಟ್ಟರೂ ಗಾಜು ಮಂಜಾಗುತ್ತದೆಂದು ಹೆದರುವ ಪೈಕಿ. ಹೆಂಡತಿ ನರ್ಸು. ರಾತ್ರಿ ಪಾಳಿಯಿದ್ದ ವಾರಗಳಲ್ಲಿ ಹಗಲು ಮಲಗುವವಳು. ಹಾಗಾಗಿ ಇವನು ಗಿಟಾರಿನ ವೈರನ್ನು ಹೆಡ್‌ಫೋನಿಗೆ ಸಿಕ್ಕಿಸಿ, ತನ್ನ ಗುಡುಗನ್ನು ತಾನೊಬ್ಬನೇ ಕೇಳಿಕೊಳ್ಳುತ್ತಿದ್ದ. ಅವನ ಒಂದು ಸ್ವರವನ್ನೂ ಆ ಕಟ್ಟಡದಲ್ಲಿ ಯಾರೂ ಕೇಳಿದವರಲ್ಲ.

ಮೊದಲ ಆಲ್ಬಂ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಆಗ ಅದರ ಬಗ್ಗೆ ಅವನನ್ನು ಪ್ರಶ್ನೆ ಕೇಳಿದ್ದವರು ಒಬ್ಬರೇ, ಅಪ್ಪ. "ಇದೆಲ್ಲ ಯಾಕೆ ಬೇಕಿತ್ತು?" ಎಂದು ಕೇಳಿದ್ದರು. ಈಗ ಎರಡನೆಯದು ಸಿದ್ಧವಾಗಿತ್ತು, ಹೆಸರು 'ಕಿವಿಗೊಡಿ'. ಈ ಸಲವಾದರೂ ಯಾರಾದರೂ ಎದುರಿಗೆ ಕೂತು, ಪೆನ್ನು ಹಿಡಿದು, ತನ್ನ ಹಾಡಿನ ಬಗ್ಗೆ ನಾಲ್ಕು ಮಾತು ಕೇಳಲಿ ಎನ್ನುವುದು ಅವನ ಜೀವದ ಆಸೆ.

ಅದಕ್ಕೇ ಅರ್ಧ ದಿನ ರಜೆ ಹಾಕಿ, ಬಡಗಿಯ ಅಂಗಡಿಗೆ ಇಳಿದ. ಅಲ್ಲಿ ಕರೆಂಟಿನ ಗರಗಸ ಬೆಳಗಿನಿಂದ ಕಟ್ಟಡದ ಹಲ್ಲು ಕೀಳುತ್ತಿತ್ತು.

"ಅಣ್ಣಾ, ಮೂರರಿಂದ ಐದರ ತನಕ ಇದನ್ನ ನಿಲ್ಲಿಸ್ತೀಯಾ?"

"ಆಂ?"

"ನಿಲ್ಲಿಸ್ತೀಯಾ ಅಂದೆ!"

"ನಿನಗಲ್ದೆ ಇನ್ಯಾರಿಗೋಸ್ಕರ ನಿಲ್ಲಿಸ್ಲಿ?" ಎಂದು ಬಡಗಿ ಆಗಲೇ ಗುಂಡಿ ಒತ್ತಿ ಆರಿಸಿದ. ಕೂದಲಿನ ಮರದಹುಡಿ ಕೊಡವಿಕೊಳ್ಳುತ್ತ, "ಫೋಟೋ ತೆಗೀತಾರಾ? ಒಗೆದ ಅಂಗಿ ಇದೆ" ಅಂದ.

ಎರಡೂವರೆಗೆ ಭಾವಮೈದ ಬಂದ. ಹೆಂಡತಿಯ ತಮ್ಮ, ತಂಡದಲ್ಲಿ ಡ್ರಮ್ ಬಾರಿಸುವವನು, ಹೊಟ್ಟೆಪಾಡಿಗೆ ಬಸ್ ಓಡಿಸುವವನು. ಬಸ್ಸಿನ ಸಮವಸ್ತ್ರದಲ್ಲೇ, ಮಗುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ.

"ಇದ್ಯಾಕೋ?"

"ಭಾವ, ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ನಿಮ್ಮನ್ನ ರಾಕ್ ಕಲಾವಿದ ಅಂತಾರಾ? ಟೆಲಿಫೋನ್ ಆಪರೇಟರ್ ಅಂತಾರೆ. ಸಂದರ್ಶನದಲ್ಲೂ ಮೆತ್ತಗೆ ಮಾತಾಡ್ಬೇಡಿ. ಸ್ವಲ್ಪ ಕಾಡುಪ್ರಾಣಿ ಥರ ಇರಿ."

"ಯಾವ ಪ್ರಾಣಿ?"

"ಅಯ್ಯೋ ಭಾವ, ಮೊಲ ಬಿಟ್ಟು ಯಾವುದಾದ್ರೂ ಆಗಿ."

ಸರಿಯಾಗಿ ಮೂರಕ್ಕೆ ಕರೆಗಂಟೆ ಮೊಳಗಿತು. ಬಾಗಿಲಲ್ಲಿ ಬೂದುಬಣ್ಣದ ಕೋಟಿನ, ಗಂಭೀರ ಮುಖದ ಒಬ್ಬರು. ಕಂಕುಳಲ್ಲಿ ಫೈಲು, ಕೈಯಲ್ಲಿ ತುದಿಗೆ ಸ್ಪಂಜಿನ ಉಂಡೆ ಸಿಕ್ಕಿಸಿದ ಪುಟ್ಟ ಯಂತ್ರ. ಎಂಥ ಮೈಕು ಎಂದು ಗುಡುಗುವಿಗೆ ರೋಮಾಂಚನವಾಯಿತು.

"ನಾನು ಶಬ್ದದ ವಿಷಯ ಮಾತಾಡೋಕೆ ಬಂದಿದ್ದೀನಿ," ಅಂದರು ಅವರು.

"ಬನ್ನಿ ಸರ್, ಬನ್ನಿ. ಶಬ್ದವೇ ನನ್ನ ಜೀವನ."

ಅವರು ಹುಬ್ಬೇರಿಸಿ ಅವನನ್ನು ನೋಡಿದರು. ಕೂತರು. ಫೈಲು ಬಿಚ್ಚಿ ಪೆನ್ನು ತೆಗೆದರು. "ಎಷ್ಟು ದಿನದಿಂದ ನಡೀತಿದೆ ಇದು?"

"ಹತ್ತೊಂಬತ್ತು ವರ್ಷ ಸರ್!"

"ಹತ್ತೊಂಬತ್ತು ವರ್ಷ! ಯಾರೂ ನಿಮ್ಮನ್ನ ಕೇಳಲೇ ಇಲ್ವಾ?"

"ಅದೇ ಸರ್ ನನ್ನ ದುಃಖ. ನೀವೇ ಮೊದಲು ಕೇಳ್ತಿರೋದು." ಗುಡುಗುವಿನ ಕಣ್ಣು ಒದ್ದೆಯಾಯಿತು.

"ಇದಕ್ಕೆ ಹೊತ್ತು ಗೊತ್ತು ಅಂತ ಏನಾದ್ರೂ ಇದೆಯಾ?"

ಭಾವಮೈದ ಮೊಣಕೈಯಿಂದ ತಿವಿದ. ಗುಡುಗು ಎದೆಯುಬ್ಬಿಸಿದ. "ಸೃಷ್ಟಿಗೆ ಹೊತ್ತೆಲ್ಲಿ ಸರ್? ಮನಸ್ಸಿಗೆ ಬಂದಾಗ ಬಾರಿಸೋದೇ. ಊರು ಮಲಗಿದ್ರೂ ಸರಿ, ಎದ್ದಿದ್ರೂ ಸರಿ. ಹೊಸ ಆಲ್ಬಮ್ಮಿನಲ್ಲಿ ಎಂಟು ಹಾಡಿದೆ. ಮೂರನೇದು ಅಮ್ಮನ ಬಗ್ಗೆ, ಅದೊಂದು ಸ್ವಲ್ಪ ಮೆತ್ತಗೆ. ಉಳಿದ ಏಳೂ ಕೇಳಿದ್ರೆ ಗೋಡೆ ಬಿರುಕು ಬಿಡ್ಬೇಕು."

ಬಂದವರು ಒಂದಕ್ಷರ ಬಿಡದೆ ಬರೆದುಕೊಂಡರು. "ಅಕ್ಕಪಕ್ಕದವರು ಏನಂತಾರೆ?"

ಅಕ್ಕಪಕ್ಕದವರು ಬಾಗಿಲ ಆಚೆಗೇ ಕಿವಿಯಿಟ್ಟು ನಿಂತಿದ್ದರು. ಕೇಳಿದ್ದೇ ತಡ, ಹೆಡ್ ಮೇಡಂ ಒಳಗೆ ಬಂದರು.

"ಇವನ ಪ್ರತಿಭೆ ಬಗ್ಗೆ ನನ್ನನ್ನ ಕೇಳಿ," ಅಂದರು. "ಇವನು ಗಿಟಾರ್ ಮುಟ್ಟಿದ ಅಂದ್ರೆ ಮಂಚ ಅಲುಗುತ್ತೆ. ಹೋದ ತಿಂಗಳು ನನ್ನ ಶೋಕೇಸಿನ ಗಾಜೇ ಒಡೆದುಹೋಯ್ತು!" ಗಾಜು ಒಡೆದದ್ದು ಅವರ ಬೆಕ್ಕು. ಆದರೆ ನೆರೆಯ ಹುಡುಗ ಪತ್ರಿಕೆಯಲ್ಲಿ ಬರುವ ಹೊತ್ತಲ್ಲಿ ಬೆಕ್ಕಿನ ಮಾತು ಯಾಕೆ?

ಬಡಗಿ ಒಗೆದ ಅಂಗಿಯಲ್ಲಿ ಮುಂದೆ ಬಂದ. "ಸ್ವಾಮೀ, ನಾನು ಗರಗಸದ ಕೆಲಸದವನು. ಇವನು ಶುರು ಮಾಡಿದ್ರೆ ನನ್ನ ಗರಗಸ ಓಡ್ತಿದ್ಯೋ ನಿಂತಿದ್ಯೋ ಕೈಯಿಟ್ಟು ನೋಡ್ಬೇಕು!"

"ಬರೆದು ಸಹಿ ಹಾಕಿ ಕೊಡ್ತೀರಾ?"

"ಒಂದಲ್ಲ, ಎರಡು ಹಾಕ್ತೀವಿ," ಅಂದರು ಇಬ್ಬರೂ, ಪೆನ್ನಿಗಾಗಿ ಕಿತ್ತಾಡುತ್ತ. ಹೆಡ್ ಮೇಡಂ ಬಡಗಿಯ ಬರವಣಿಗೆಯಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿಯೂ ಕೊಟ್ಟರು.

"ಒಂದು ಸ್ವಲ್ಪ ನುಡಿಸಿ ತೋರಿಸ್ತೀರಾ?" ಬಂದವರು ಸ್ಪಂಜಿನ ಯಂತ್ರವನ್ನು ಎತ್ತಿ ಹಿಡಿದರು.

ಗುಡುಗು ಗಿಟಾರನ್ನು ಸ್ಪೀಕರಿಗೆ ಸಿಕ್ಕಿಸಿದ. ಭಾವಮೈದ ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿ, ತಾನೂ ಒಂದು ತಗಡಿನ ಡಬ್ಬ ಎಳೆದುಕೊಂಡ. ಹತ್ತೊಂಬತ್ತು ವರ್ಷ ತಲೆಯೊಳಗೇ ಸುತ್ತುತ್ತಿದ್ದ ಸದ್ದು ಒಮ್ಮೆಲೇ ಹೊರಗೆ ಬಿತ್ತು. ಕಿಟಕಿ ಗಡಗಡ ಅಂದಿತು, ಗೋಡೆಯ ಗಡಿಯಾರ ಓರೆಯಾಯಿತು. ಬಾಯಲ್ಲಿ ಹೊಗಳಿದ್ದವರು ಮೊದಲ ಸಲ ಕೇಳಿ ಬೆರಗಾಗಿ ನಿಂತರು. ಮೂರನೇ ಹಾಡಿಗೆ ಬಂದಾಗ ಬಂದವರ ಬಲಗಾಲಿನ ಹೆಬ್ಬೆರಳು ಬೂಟಿನೊಳಗೆ ತಾಳ ಹಾಕಿದ್ದನ್ನು ಗುಡುಗು ಕಂಡ. ಕನ್ನಡಕದ ಕೆಲಸದವನ ಕಣ್ಣು, ಸುಳ್ಳಾಗುವ ಮಾತಿಲ್ಲ.

"ನೂರಾ ಹನ್ನೆರಡು," ಅಂದರು ಅವರು, ಯಂತ್ರ ನೋಡಿ.

"ಭಾವ! ನೂರಕ್ಕೆ ನೂರಾ ಹನ್ನೆರಡು!" ಭಾವಮೈದ ಅಪ್ಪಿಕೊಂಡ. ಹೆಡ್ ಮೇಡಂ, ತಮ್ಮ ಇಡೀ ಸೇವೆಯಲ್ಲಿ ಯಾರಿಗೂ ಅಷ್ಟು ಕೊಟ್ಟಿಲ್ಲ ಎಂದರು.

"ಇಲ್ಲೊಂದು ಸಹಿ," ಎಂದು ಬಂದವರು ಕಾಗದ ಚಾಚಿದರು. ಗುಡುಗು ಬಾಲ ಬಿಡಿಸಿ, ಚುಕ್ಕಿ ಇಟ್ಟು, ಕಲಾವಿದನ ಸಹಿ ಹಾಕಿದ. "ಯಾವತ್ತು ಬರುತ್ತೆ ಸರ್?"

"ಬರೋದೇನು, ಇವತ್ತಿಂದಲೇ ಜಾರಿ." ಅವರು ಪ್ರತಿಯನ್ನು ಹರಿದು ಕೊಟ್ಟರು. "ನಾನು ಶಬ್ದ ನಿಯಂತ್ರಣ ಕಚೇರಿಯವನು. ಈ ಕಟ್ಟಡದಲ್ಲಿ ವಿಪರೀತ ಸದ್ದು ಅಂತ ಅರ್ಜಿ ಬಂದಿತ್ತು. ಅಳೆದ್ರೆ ನೂರಾ ಹನ್ನೆರಡು ಡೆಸಿಬೆಲ್ ಸದ್ದು. ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರನ್ನ ನಾನು ನೋಡಿಲ್ಲ. ಮೂವತ್ತು ದಿನ ಈ ಮನೆಯಲ್ಲಿ ವಾದ್ಯ ಮುಟ್ಟೋ ಹಾಗಿಲ್ಲ."

ಅವರು ಹೋದ ಮೇಲೆ ಹೆಡ್ ಮೇಡಂಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಬಡಗಿ ಸದ್ದಿಲ್ಲದೆ ಮೆಟ್ಟಿಲಿಳಿದ. ಎರಡೇ ನಿಮಿಷಕ್ಕೆ ಕೆಳಗೆ ಗರಗಸ ಕಿರುಚಿತು. ಗುಡುಗು ಫೋನ್ ನೋಡಿದ. ಒಂದು ಗಂಟೆಗೇ ಪತ್ರಿಕೆಯವರ ಸಂದೇಶ ಬಂದಿತ್ತು: 'ಕ್ಷಮಿಸಿ, ಜಾಗವಿಲ್ಲ. ಮುಂದೆ ನೋಡೋಣ.'

ಐದೂವರೆಗೆ ಹೆಂಡತಿ ಹಗಲು ಪಾಳಿ ಮುಗಿಸಿ ಬಂದಳು. ಗರಗಸದ ಸದ್ದಿಗೆ ಮುಖ ಸಿಂಡರಿಸಿ, "ಏನ್ರೀ, ಶಬ್ದ ನಿಯಂತ್ರಣದವರು ಬರಲೇ ಇಲ್ವಾ?" ಅಂದಳು.

ಗುಡುಗುವಿನ ಬಾಯಿ ತೆರೆದೇ ಇತ್ತು. "ಅರ್ಜಿ... ನಿಂದಾ?"

"ಮತ್ತೆ? ಆ ಗರಗಸದಿಂದ ನಿದ್ದೆ ಇಲ್ಲ. ಬಡಗಿ ಹೆಸರು ಬರೆದ್ರೆ ಆಮೇಲೆ ಅವನಿಗೆ ಮುಖ ಕೊಟ್ಟು ಮಾತಾಡೋದು ಕಷ್ಟ ಅಂತ, ಬರೀ 'ಕಟ್ಟಡದಲ್ಲಿ ಸದ್ದು' ಅಂತ ಬರೆದೆ."

ಅವನು ಕಾಗದ ಚಾಚಿದ. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಬೈಯಲು ತೆರೆದ ಬಾಯಲ್ಲಿ ನಗು ಬಂದುಬಿಟ್ಟಿತು. ಭಾವಮೈದ ಪೆಟ್ಟಿಗೆ ಹೊತ್ತು ಮೆಲ್ಲಗೆ ಬಾಗಿಲ ಕಡೆ ಹೊರಟ.

ಆಗ ಫೋನು ಬಂತು. ಅದೇ ಗಂಭೀರ ದನಿ.

"ನೋಡಿ, ಸಾಕ್ಷಿಗೆ ಅಂತ ನಮ್ಮ ಯಂತ್ರದಲ್ಲಿ ನಿಮ್ಮ ಹಾಡೂ ರೆಕಾರ್ಡ್ ಆಗಿತ್ತಲ್ಲ, ಕಚೇರಿಯಲ್ಲಿ ಹಾಕಿದ್ವಿ. ಮೇಲಧಿಕಾರಿಗಳು ಮೂರನೇದನ್ನ ಇನ್ನೊಂದು ಸಲ ಹಾಕು ಅಂದ್ರು. ಪಕ್ಕದ ವಿಭಾಗದವರೂ ಬಂದು ಕೇಳಿದ್ರು."

ಗುಡುಗು ಎದ್ದು ನಿಂತ. "ಹಾಗಾದ್ರೆ ನೋಟಿಸು ವಾಪಸ್ಸಾ ಸರ್?"

"ಅದೆಲ್ಲಿ ವಾಪಸ್ಸು? ಎರಡನೇ ಸಲ ಅವರು ಇನ್ನೂ ಜೋರಾಗಿಟ್ಟು ಕೇಳಿದ್ರು. ಮೂವತ್ತಿದ್ದದ್ದು ಅರವತ್ತು ದಿನ ಆಗಿದೆ. ಅದನ್ನ ತಿಳಿಸೋಕೇ ಫೋನ್ ಮಾಡ್ದೆ."

"ಏನಂತೆ?" ಹೆಂಡತಿ ಕೇಳಿದಳು.

ಗುಡುಗು ಫೋನನ್ನು ಎದೆಗೊತ್ತಿ ಹಿಡಿದಿದ್ದ. ಮುಖ ಆಗಷ್ಟೇ ಉಜ್ಜಿದ ಗಾಜಿನಂತೆ ಬೆಳಗುತ್ತಿತ್ತು.

"ಎರಡು ಸಲ ಕೇಳಿದ್ರಂತೆ ಕಣೇ," ಅಂದ.